ಕಮಾನಿನಲ್ಲಿ ನಿಂತ ಕೆಂಪು ಗುಂಡು

ಇಲ್ಲಿ ಬರೆಯುತ್ತಿರುವ ಕೆಲವು ವಿವರಗಳು ತಪ್ಪಿರಬಹುದು. ಅವತ್ತಿನ ಆಟದ ಗುಂಡು ಕೆಂಪಗಿತ್ತು ಎನ್ನುವುದು ನನಗೆ ಖಾತ್ರಿ. ಅಷ್ಟು ಹೊತ್ತಿಗೆ ಅದರ ಬಣ್ಣವೆಲ್ಲ ಹೋಗಿ ಬರೀ ಮರ ಉಳಿದಿತ್ತು ಎಂದು ಅಪ್ಪ ಹೇಳುತ್ತಾನೆ. ಅದು ಬೆಳಗಿನ ಹೊತ್ತು ಎಂದು ನಾನು, ಸಂಜೆ ಎಂದು ಅತ್ತೆ. ನಾನಾಗ ಎರಡನೇ ಕ್ಲಾಸೋ ಮೂರನೆಯದೋ. ಡೈರಿ ಬರೆಯಲು ಶುರು ಮಾಡಿದ್ದು ಮೈಸೂರಿನಲ್ಲಿ ಎಂ.ಎ. ಓದುವಾಗ. ಹಾಗಾಗಿ ಆ ದಿನದ ಬಗ್ಗೆ ಆಗಲೇ ಬರೆದಿಟ್ಟ ಒಂದು ಸಾಲೂ ಇಲ್ಲ. ಇರುವುದು ನನ್ನ ನೆನಪು, ಅಪ್ಪನ ನೆನಪು, ಅಪ್ಪನ ತಂಗಿಯಾದ ಅತ್ತೆಯ ನೆನಪು. ಒಂದಕ್ಕೊಂದು ಕೂಡಿ ಬರುವುದಿಲ್ಲ.

ನಮ್ಮದು ಕೊಳ್ಳೇಗಾಲದ ನೇಕಾರರ ಬೀದಿ. ಈಗ ಸಿಮೆಂಟು ರಸ್ತೆ, ಎರಡೂ ಬದಿಗೆ ಬೈಕುಗಳು. ಆಗ ಮಣ್ಣಿನ ಬೀದಿ, ದಾರ ಹಿಡಿದು ಎಳೆದಷ್ಟು ನೆಟ್ಟಗೆ. ನೆಟ್ಟಗೆ ಇರಲೇಬೇಕಿತ್ತು. ಸೀರೆಯ ಉದ್ದಕ್ಕೆ ಓಡುವ ನೂಲನ್ನು, ಅಂದರೆ ಹಾಸನ್ನು, ಮಗ್ಗಕ್ಕೆ ಏರಿಸುವ ಮುಂಚೆ ಬೀದಿಯಲ್ಲಿ ಎಳೆದು ಕಟ್ಟಿ, ಸಿಕ್ಕು ಬಿಡಿಸಿ, ಕಡಿದುಹೋದ ಎಳೆಗಳನ್ನು ಹುಡುಕಿ ಗಂಟು ಹಾಕಬೇಕಿತ್ತು. ಬಿಸಿಲೇರುವ ಮುಂಚೆ ಕೆಲಸ ಮುಗಿಯಬೇಕು. ಅಷ್ಟರವರೆಗೆ ಸೈಕಲ್ಲಿನವರೂ ಇಳಿದು ಗೋಡೆ ಪಕ್ಕದಲ್ಲಿ ತಳ್ಳಿಕೊಂಡು ಹೋಗುತ್ತಿದ್ದರು. ಹಾಸು ನೆಲಕ್ಕೆ ತಾಗದಂತೆ ಎತ್ತಿ ಹಿಡಿಯಲು ಬೇರೆಯವರು ಬಿದಿರಿನ ಕವೆಗಳನ್ನು ನೆಡುತ್ತಿದ್ದರು. ನಮ್ಮ ಮನೆಯವರು ಮಾತ್ರ ಕಬ್ಬಿಣದ ಕಮಾನುಗಳನ್ನು ನೆಡುತ್ತಿದ್ದರು.

ಆ ಕಮಾನುಗಳು ಯಳಂದೂರಿನ ಮೇಲಿನ ಬೆಟ್ಟದಿಂದ ಬಂದವು. ಅಲ್ಲಿ ಕಾಫಿ ತೋಟ ಮಾಡಿಕೊಂಡಿದ್ದ ಬಿಳಿಯರ ಮನೆಗೆ ತಾತ ರೇಷ್ಮೆ ಒಯ್ದು ಕೊಡುತ್ತಿದ್ದನಂತೆ. ಅವರು ತೋಟ ಮಾರಿ ಊರಿಗೆ ಹೊರಟಾಗ ಆ ಮನೆಯ ಹೆಂಗಸು ಒಂದು ಉದ್ದನೆಯ ಮರದ ಪೆಟ್ಟಿಗೆ ಕೊಟ್ಟಳು. ಅದರಲ್ಲಿ ಕಮಾನುಗಳು, ಒಂದು ಗೂಟ, ನಾಲ್ಕು ಮರದ ಗುಂಡು, ಉದ್ದ ಹಿಡಿಯ ಕೊಡತಿಗಳು, ಅಂದರೆ ಮರದ ಸುತ್ತಿಗೆಗಳು. ತಾತ ಅವನ್ನು ನೋಡಿದ್ದು ನೇಕಾರನ ಕಣ್ಣಿನಿಂದ. ಕಮಾನು ಹಾಸು ಹೊರಲು, ಕೊಡತಿ ಕಮಾನು ಬಡಿಯಲು. ಗುಂಡುಗಳು ಯಾವುದಕ್ಕೂ ಬಾರದೆ ಅಟ್ಟ ಸೇರಿದವು.

ಎಷ್ಟೋ ಕಾಲದ ಮೇಲೆ, ಆ ತೋಟದ ಮನೆಯಲ್ಲಿ ಅಡುಗೆ ಮಾಡುತ್ತಿದ್ದವನು ಮಗಳ ಮದುವೆ ಸೀರೆಗೆಂದು ಯಳಂದೂರಿನಿಂದ ನಮ್ಮ ಬೀದಿಗೆ ಬಂದು ನಿಂತುಬಿಟ್ಟನಂತೆ.

“ಏನ್ ಯಜಮಾನ್ರೇ ಇದು? ದೊರೆಸಾನಿ ಆಟದ ಸಾಮಾನ್ಗೆ ನೂಲ್ ಕಟ್ಟಿದ್ದೀರಲ್ಲ!”

“ಆಟ ಆಡಾಕೆ ಕಬ್ಣ ಬೇಕಾ ಅವ್ರಿಗೆ? ಗೋಲಿ ಸಾಲ್ದಾಯ್ತಾ?” ಎಂದನಂತೆ ತಾತ.

ಈ ಮಾತುಕತೆಯನ್ನು ನಾನು ಕೇಳಿದವಳಲ್ಲ. ಅಜ್ಜಿ ಹೇಳುತ್ತಿದ್ದುದು. ಅಜ್ಜಿ ಕತೆಗೆ ಉಪ್ಪು ಖಾರ ಹಾಕದೆ ಬಿಟ್ಟವಳಲ್ಲ. ತಾತ ಆಮೇಲೆ ಅಪ್ಪನನ್ನು ಕರೆದುಕೊಂಡು ಯಳಂದೂರಿಗೆ ಹೋಗಿ ಆಟ ಕಲಿತು ಬಂದದ್ದಂತೂ ನಿಜ. ಅದನ್ನು ಅಪ್ಪನೂ ಹೇಳುತ್ತಾನೆ.

ನಮ್ಮ ಬೀದಿಯಲ್ಲಿ ಅದಕ್ಕೆ ಕಮಾನಾಟ ಎಂದೇ ಹೆಸರು. ಹಾಸು ಬಿಚ್ಚಿದ ಮೇಲೆ ಅದೇ ಕಮಾನುಗಳಲ್ಲಿ ಆಡುತ್ತಿದ್ದರು. ಗುಂಡನ್ನು ಕೊಡತಿಯಿಂದ ಹೊಡೆದು ಕಮಾನುಗಳ ಒಳಗೆ ಒಂದಾದ ಮೇಲೆ ಒಂದರಂತೆ ದಾಟಿಸಬೇಕು. ಒಂದು ಕಮಾನು ದಾಟಿದರೆ ಇನ್ನೊಂದು ಹೊಡೆತ ಸಿಗುತ್ತದೆ. ದಾಟದಿದ್ದರೆ ಸರದಿ ಎದುರಾಳಿಗೆ. ಒಬ್ಬೊಬ್ಬರಿಗೆ ಎರಡು ಗುಂಡು. ಎರಡೂ ಎಲ್ಲ ಕಮಾನು ದಾಟಿ ಕೊನೆಯ ಗೂಟಕ್ಕೆ ತಗುಲಿದರೆ ಗೆಲುವು. ಇದಿಷ್ಟೇ ಆಗಿದ್ದರೆ ಸಾಧು ಆಟ. ಆದರೆ ನಿಮ್ಮ ಗುಂಡು ಎದುರಾಳಿಯ ಗುಂಡಿಗೆ ತಗುಲಿತೆನ್ನಿ, ಆಗ ನಿಮ್ಮದನ್ನು ಅದರ ಮಗ್ಗುಲಿಗೆ ಒತ್ತಿ ಇಟ್ಟು, ನಿಮ್ಮ ಗುಂಡಿನ ಮೇಲೆ ಪಾದ ಊರಿ, ಜೋರಾಗಿ ಹೊಡೆಯಬಹುದು. ನಿಮ್ಮದು ಕಾಲಡಿ ಇದ್ದಲ್ಲೇ ಇರುತ್ತದೆ, ಅವರದು ಹಾರಿ ಹೋಗುತ್ತದೆ, ಮುಂದಿನ ಹೊಡೆತವೂ ನಿಮ್ಮದೇ. ಬಿಳಿಯರು ಇದನ್ನು ಬೂಟು ಹಾಕಿಕೊಂಡು ಮಾಡುತ್ತಿದ್ದರು. ನಮ್ಮವರದು ಬರಿಗಾಲು. ಬೀದಿಯ ಗಂಡಸರೆಲ್ಲ ಒಂದಲ್ಲ ಒಂದು ದಿನ ಹೆಬ್ಬೆರಳು ಜಜ್ಜಿಕೊಂಡವರೇ. ಜಜ್ಜಿಕೊಳ್ಳದೆ ಹೊಡೆಯುತ್ತಿದ್ದವಳು ಅತ್ತೆ ಒಬ್ಬಳೇ.

ಅತ್ತೆಗೆ ಆಗ ಇಪ್ಪತ್ತರ ಆಸುಪಾಸು. ಮನೆಯಲ್ಲಿ ಅವಳ ಕೆಲಸ ಕಂಡಿಕೆ ಸುತ್ತುವುದು. ಲಾಳಿಯೊಳಗೆ ಕೂರುವ ಸಣ್ಣ ಕೊಳವೆಗೆ ರೇಷ್ಮೆ ಸುತ್ತಿ ಸುತ್ತಿ ಗಂಡಸರ ಮಗ್ಗಗಳಿಗೆ ಒದಗಿಸುವುದು. ನಮ್ಮಲ್ಲಿ ಹೆಂಗಸರು, ನೇಯುವವರು ಕಾಲು ಇಳಿಬಿಟ್ಟು ಕೂರುವ ಮಗ್ಗದ ಗುಳಿಗೆ ಇಳಿಯುತ್ತಿರಲಿಲ್ಲ. ತಾತನ ತಮ್ಮ ಸತ್ತೇಗಾಲದಲ್ಲಿ ಹೆಂಡತಿ ಕಡೆಯ ಗದ್ದೆ ನೋಡಿಕೊಳ್ಳಲು ಹೋದ ಮೇಲೆ ನಡುಮನೆಯ ಮೂಲೆ ಮಗ್ಗ ಖಾಲಿ ಬಿದ್ದಿತ್ತು. ಗಂಡಸರು ಊಟ ಮಾಡಿ ಮಲಗಿದ ಮಧ್ಯಾಹ್ನಗಳಲ್ಲಿ ಅತ್ತೆ ಅದಕ್ಕೆ ಇಳಿದು, ನೂಲಿಲ್ಲದ ಮಗ್ಗದಲ್ಲೇ ಕಾಲುಮಣೆ ತುಳಿಯುವುದನ್ನು ನಾನು ನೋಡಿದ್ದೇನೆ. ನನ್ನನ್ನು ನೋಡಿದಾಗ ತುಟಿಯ ಮೇಲೆ ಬೆರಳಿಟ್ಟು ನಕ್ಕಳು. ಇದೊಂದು ನೆನಪಿನ ಬಗ್ಗೆ ನನಗೆ ಅನುಮಾನವಿಲ್ಲ.

ಒಂದು ದಿನ ಅವಳು ಆ ಮಗ್ಗ ತನಗೆ ಕೊಡು ಎಂದು ತಾತನನ್ನು ಬಾಯಿ ಬಿಟ್ಟು ಕೇಳಿಯೇಬಿಟ್ಟಳು. ತಾತ ಬೈಯಲಿಲ್ಲ. ಬೀದಿಯಲ್ಲಿ ಜನರಿದ್ದರು, ಕಮಾನುಗಳು ನೆಟ್ಟಿದ್ದವು, ಅವನಿಗೆ ಖುಷಿ ಬಂದಿರಬೇಕು.

“ಲೇ, ನಿನ್ನಣ್ಣನ್ನ ಸೋಲುಸ್ಬುಡು ನೋಡಾಣ. ಮೂಲೆ ಮಗ್ಗ ನಿಂದೇಯ.”

ಅಜ್ಜಿ ಸಿಟ್ಟು ಬಂದರೆ ತೆಲುಗಿಗೆ ಹೊರಳುತ್ತಿದ್ದಳು. ಅದರಲ್ಲಿ ಒಂದಿಷ್ಟು ಗೊಣಗಿ ಆಮೇಲೆ ಕನ್ನಡದಲ್ಲಿ, “ಎಣ್ಮಗ ಗುಳೀಗ್ ಇಳುದ್ರೆ ಕಂಡ್ಕೆ ಸುತ್ತೋರ್ಯಾರು?” ಎಂದಳು.

“ಅಣ್ಣ ಸುತ್ತಾನೆ ಬುಡವ್ವ. ಅವ್ನ ಕೈ ಮೆತ್ತಗವೆ” ಎಂದಳು ಅತ್ತೆ.

ಬೀದಿಯೆಲ್ಲ ನಕ್ಕಿತು. ಅಪ್ಪನೂ ನಕ್ಕ. ನಕ್ಕನೇ? ಅಪ್ಪ ಆಗ ಮದುವೆಯಾಗಿ ಮಗಳಿದ್ದ ಗಂಡಸು, ಮನೆಯ ಎರಡನೆಯ ಮಗ್ಗದ ನೇಕಾರ. ಅವನ ನಗು ನನಗೆ ನೆನಪಿದೆ ಎಂದು ಬರೆಯಲು ಹೋದರೆ, ನಾನೇ ಅದನ್ನು ಅವನ ಮುಖಕ್ಕೆ ಅಂಟಿಸುತ್ತಿದ್ದೇನೇನೋ ಅನಿಸುತ್ತದೆ.

ಆಟ ಬಹಳ ಹೊತ್ತು ನಡೆಯಿತು. ಅಪ್ಪನದು ನೀಲಿ ಮತ್ತು ಕಪ್ಪು, ಅತ್ತೆಯದು ಕೆಂಪು ಮತ್ತು ಹಳದಿ. ಅಪ್ಪನ ನೀಲಿ, ಅತ್ತೆಯ ಹಳದಿ ಎರಡೂ ಗೂಟ ಮುಟ್ಟಿ ಹೊರಬಿದ್ದಿದ್ದವು. ಆಮೇಲೆ ಅತ್ತೆಯ ಕೆಂಪು ಬಂದು ಅಪ್ಪನ ಕಪ್ಪಿಗೆ ತಗುಲಿತು. ಅತ್ತೆ ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಕೆಂಪಿನ ಮೇಲೆ ಪಾದ ಊರಿ ಒಂದು ಏಟು ಕೊಟ್ಟಳು. ಕಪ್ಪು ಸೀದಾ ಚರಂಡಿಗೆ ಬಿತ್ತು.

“ಓಗ್ಲಿ, ನಿನ್ ಗುಂಡು ಸ್ನಾನ ಮಾಡ್ಕಂಡ್ ಬರ್ಲಿ ಅಣ್ಣ!”

“ಏನ್ಲಾ, ತಂಗಿ ಕೈಲಿ ತೊಳಿಸ್ಕತಾ ಇದ್ದೀಯ!” ಎಂದು ಎದುರುಮನೆಯವರು ಅಪ್ಪನನ್ನು ಕಿಚಾಯಿಸಿದರು.

ಅತ್ತೆಗೆ ಉಳಿದಿದ್ದು ಕೊನೆಯ ಕಮಾನು ಮತ್ತು ಅದರಾಚೆ ಕೈಗೆಟಕುವಷ್ಟು ಹತ್ತಿರದ ಗೂಟ. ಅವಳು ಹೊಡೆದಳು. ಕೆಂಪು ಗುಂಡು ಕಮಾನಿನೊಳಗೆ ಹೊಕ್ಕು, ಮುಕ್ಕಾಲಿಗೂ ಹೆಚ್ಚು ಆಚೆ ಹೋಗಿ, ನಿಂತುಬಿಟ್ಟಿತು.

ದಾಟಿತೇ, ಇಲ್ಲವೇ? ಜನ ಎರಡು ಪಾಲಾದರು. ನೇಕಾರರು ಇಂಥದ್ದನ್ನು ಕಣ್ಣಳತೆಯಲ್ಲಿ ಬಿಡುವವರಲ್ಲ. ಒಂದು ರೇಷ್ಮೆ ಎಳೆ ತಂದು ಕಮಾನಿನ ಎರಡು ಕಾಲಿಗೂ ಒತ್ತಿ, ಬಿಗಿಯಾಗಿ ಅಡ್ಡ ಹಿಡಿದು ನೋಡಿದರು. ಎಳೆ ಗುಂಡಿಗೆ ತಾಗದಿದ್ದರೆ ದಾಟಿದಂತೆ, ತಾಗಿದರೆ ಇಲ್ಲ. ಎಳೆ ಹಿಡಿದವನು ತಾತ ಎಂದು ನನ್ನ ನೆನಪು. ಮೊಣಕಾಲೂರಿ ಬಗ್ಗಿದ್ದ.

“ಮುಟ್ತು. ದಾಟಿಲ್ಲ.”

ಸರದಿ ಅಪ್ಪನಿಗೆ ಬಂತು. ಚರಂಡಿಯಿಂದ ತೆಗೆದು ಅಂಚಿನಲ್ಲಿಟ್ಟಿದ್ದ ಕಪ್ಪನ್ನು ಅವನು ಓರೆಯಾಗಿ ಹೊಡೆದು ಕೆಂಪಿಗೆ ತಾಗಿಸಿದ. ಪಾದ ಊರಿ ಕೆಂಪನ್ನು ಬೀದಿಯ ಆಚೆ ತುದಿಗೆ ಅಟ್ಟಿದ. ಅವನಿಗೂ ಉಳಿದಿದ್ದ ಅದೇ ಕೊನೆಯ ಕಮಾನು ದಾಟಿದ, ಗೂಟ ಮುಟ್ಟಿದ. ಆಟ ಮುಗಿಯಿತು. ಅತ್ತೆ ಕೊಡತಿಯನ್ನು ಗೋಡೆಗೆ ಒರಗಿಸಿ ಒಳಗೆ ಹೋದಳು. ಕಂಡಿಕೆ ರಾಟೆಯ ಸದ್ದು ಬಂತು.

ಆ ವರ್ಷವೋ ಮುಂದಿನ ವರ್ಷವೋ ಅವಳ ಮದುವೆಯಾಯಿತು. ಹನೂರಿನಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದ ನಮ್ಮವರದೇ ಮನೆ. ಆ ಮನೆಯಲ್ಲಿ ಮಗ್ಗವಿರಲಿಲ್ಲ. ಬೇರೆಯವರು ನೇಯ್ದ ಸೀರೆಗಳನ್ನು ಬಿಚ್ಚಿ ತೋರಿಸಿ, ಮತ್ತೆ ಮಡಿಸಿ ಇಡುವುದು ಅವಳ ಪಾಲಿಗೆ ಬಂತು. ಅಲ್ಲಿಂದ ಮುಂದೆ ಅವಳ ಬಾಯಲ್ಲಿ ಒಂದು ಮಾತು ನೆಲೆನಿಂತಿತು: “ನನ್ ಕೈ ನಂಬೋ ಕೈಯಲ್ಲ ಕಣವ್ವ.” ಹಾಲು ಉಕ್ಕಿದರೆ ಅದೇ ಮಾತು. ಸೂಜಿಗೆ ದಾರ ಪೋಣಿಸಲು ಕೊಟ್ಟರೆ ಅದೇ ಮಾತು, ಮತ್ತು ಪೋಣಿಸದೆ ವಾಪಸು. ರಂಗೋಲಿಯನ್ನೂ ಸೊಸೆಗೆ ಬಿಟ್ಟಳು. ನಾವೆಲ್ಲ ಅದಕ್ಕೆ ನಗುತ್ತಿದ್ದೆವು. ನಗೆಯ ಮಾತಾಗಿಯೇ ಅದು ನಮ್ಮ ಮನೆಯಲ್ಲಿ ಚಾಲ್ತಿಯಲ್ಲಿತ್ತು.

ಕಮಾನಾಟದ ನಿಜವಾದ ಹೆಸರು ಕ್ರೋಕೆ ಎಂದು ತಿಳಿದದ್ದು ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ, ಹುಲ್ಲುಹಾಸಿನ ಆಟಗಳ ಬಗೆಗಿನ ಒಂದು ಹಳೆಯ ಪುಸ್ತಕದಲ್ಲಿ. ಚಿತ್ರ ನೋಡಿ ಕುಳಿತಲ್ಲೇ ಗಟ್ಟಿಯಾಗಿ ನಕ್ಕೆ. ಅಗಲವಾದ ಹಸಿರು ಹುಲ್ಲು. ಕಮಾನುಗಳು ಸಾಲಾಗಿರದೆ ಅಂಗಳದ ತುಂಬ ಹರಡಿವೆ. ನಾವು ಬೀದಿ ಕಿರಿದೆಂದು, ಹಾಸಿನ ಸಾಲಿನಲ್ಲೇ ಕಮಾನು ನೆಟ್ಟು, ಇಡೀ ಆಟವನ್ನು ಒಂದು ಗೆರೆಯ ಮೇಲೆ ಆಡಿದ್ದೆವು. ಓದುತ್ತಾ ಹೋದಂತೆ ಆ ನಗು ಇಳಿಯಿತು. ಅದಕ್ಕೂ ಮುಂಚೆ ಯೂರೋಪಿನಲ್ಲಿ ಉದ್ದನೆಯ ಓಣಿಗಳಲ್ಲಿ ಗುಂಡು ಹೊಡೆದು ಕಬ್ಬಿಣದ ಕಮಾನು ದಾಟಿಸುವ ಆಟವೊಂದಿತ್ತಂತೆ. ಕ್ರೋಕೆಯ ಬೇರು ಅಲ್ಲಿದೆ ಎಂದು ಕೆಲವರು, ಇಲ್ಲ ಎಂದು ಕೆಲವರು. ಐರ್ಲೆಂಡಿನಿಂದ ಇಂಗ್ಲೆಂಡಿಗೆ ಬಂದ ಮೇಲೆ ಅದು ಮನೆಮನೆಯ ಹುಲ್ಲಿನ ಮೇಲೆ ಹರಡಿತು, ಅಲ್ಲಿಂದ ಅವರು ಆಳಿದ ಊರುಗಳಿಗೆಲ್ಲ ಪೆಟ್ಟಿಗೆಗಳಲ್ಲಿ ಹೋಯಿತು. ಹೆಂಗಸರು ಮನೆಯಿಂದ ಹೊರಗೆ ಬಂದು ಗಂಡಸರ ಎದುರು ಸಮಸಮವಾಗಿ ಆಡಿದ ಮೊದಲ ಆಟಗಳಲ್ಲಿ ಅದೂ ಒಂದು. ಅವರ ಅಗಲವಾದ ಲಂಗದ ಮರೆಯಲ್ಲಿ ಗುಂಡು ಸರಿಸುತ್ತಾರೆಂದು ಗಂಡಸರು ದೂರುತ್ತಿದ್ದರಂತೆ. ಕೆಲವೇ ದಶಕಗಳಲ್ಲಿ ಟೆನಿಸ್ ಬಂದು ಅದರ ಹುಲ್ಲನ್ನೆಲ್ಲ ಕಿತ್ತುಕೊಂಡಿತು. ಇವತ್ತು ಟೆನಿಸ್ಸಿನಿಂದ ಲೋಕಕ್ಕೆಲ್ಲ ಗೊತ್ತಿರುವ ಲಂಡನ್ನಿನ ಆ ಕ್ಲಬ್ಬು ಶುರುವಾದದ್ದೇ ಕ್ರೋಕೆಗಾಗಿ. ಗುಂಡಿನ ಮೇಲೆ ಪಾದ ಊರಿ ಹೊಡೆಯುವುದನ್ನೂ ಆಮೇಲೆ ಆಟದಿಂದ ತೆಗೆದುಹಾಕಿದರು. ನಮ್ಮ ಬೀದಿಯಲ್ಲಿ ಅದು ಬಹುಕಾಲ ಉಳಿದಿತ್ತು, ಯಾರೂ ನಮಗೆ ಹೇಳಿರಲಿಲ್ಲವಲ್ಲ.

ಈಗ ಒಂದು ಅನುಮಾನ. ಬೀದಿಯ ಆಟ ಅಷ್ಟು ನೆಟ್ಟಗಿನ ಸಾಲಿನಲ್ಲಿತ್ತು ಎಂಬ ನನ್ನ ನೆನಪು ಬೀದಿಯದ್ದೋ, ಆ ಓಣಿ ಆಟದ ಚಿತ್ರದ್ದೋ? ಓದಿದ್ದು ಕಂಡದ್ದರೊಳಗೆ ಸೇರಿಕೊಂಡರೆ ಬೇರೆ ಮಾಡುವುದು ನನಗೆ ಬರುವುದಿಲ್ಲ.

ಆ ಪುಸ್ತಕದಲ್ಲಿ ನಾನು ಚರಿತ್ರೆ ಓದಿದೆ, ನಿಯಮಗಳನ್ನು ಓದಲಿಲ್ಲ. ನಿಯಮ ಕಣ್ಣಿಗೆ ಬಿದ್ದದ್ದು ಈ ವರ್ಷ, ನಮ್ಮ ಬೀದಿಯ ಆಟಗಳ ಬಗ್ಗೆ ಏನಾದರೂ ಬರೆಯೋಣವೆಂದು ಕುಳಿತಾಗ. ಫೋನಿನಲ್ಲಿ ಎಲ್ಲೋ ನಡೆದ ಪಂದ್ಯದ ವಿಡಿಯೊ. ಗುಂಡೊಂದು ಕಮಾನಿನಲ್ಲಿ ನಿಂತಿದೆ. ತೀರ್ಪುಗಾರ್ತಿ ಬಂದು, ಗುಂಡು ಒಳಹೊಕ್ಕ ಕಡೆಗೆ, ಅಂದರೆ ಕಮಾನಿನ ಹಿಂದುಗಡೆಗೆ, ಒಂದು ಬಿಳಿ ಕಾರ್ಡನ್ನು ಒತ್ತಿ ಹಿಡಿದು ಬಗ್ಗಿ ನೋಡಿದಳು. ಗುಂಡು ಹಿಂದುಗಡೆಗೆ ಚಾಚಿಕೊಂಡಿಲ್ಲದಿದ್ದರೆ ಸಾಕು, ದಾಟಿದಂತೆ. ಪೂರ್ತಿ ಮುಂದೆ ಹೋಗಿ ಬೀಳಬೇಕಿಲ್ಲ. ನಿಯಮದ ಪುಸ್ತಕವೂ ಅದನ್ನೇ ಹೇಳುತ್ತದೆ.

ನಮ್ಮವರು ಎಳೆ ಹಿಡಿದದ್ದು ಮುಂದುಗಡೆ, ಗೂಟದ ಕಡೆಗೆ. ಮುಂದೆ ಹಿಡಿದರೆ ಎಳೆ ಗುಂಡಿನ ಬೆನ್ನಿಗೆ ತಾಗುತ್ತದೆ. ಹಿಂದೆ ಹಿಡಿದಿದ್ದರೆ ತಾಗುತ್ತಿರಲಿಲ್ಲವೇನೋ. ಎರಡಕ್ಕೂ ನಡುವೆ ಇರುವುದು ಕಮಾನಿನ ಸರಳಿನ ದಪ್ಪ, ಒಂದು ಕಿರುಬೆರಳಿನಷ್ಟು. ಆದರೆ ಮುಂದೆ ಹಿಡಿದದ್ದು ನಿಜವೇ? ಈ ನಿಯಮ ತಿಳಿದ ಮೇಲೆ ನಾನೇ ತಾತನನ್ನು ಎಬ್ಬಿಸಿ ಆ ಕಡೆಗೆ ಕೂರಿಸಿದೆನೇ? ಅವನ ಮುಖಕ್ಕೆ ಬಿಸಿಲು ಬಿದ್ದಿತ್ತು ಎಂಬ ನೆನಪು ಹಿಡಿದು, ಬೆಳಗಾದರೆ ಅವನು ಯಾವ ಕಡೆ ಕೂತಿರಬೇಕು, ಸಂಜೆಯಾದರೆ ಯಾವ ಕಡೆ ಎಂದು ಲೆಕ್ಕ ಹಾಕಿ ನೋಡಿದೆ. ಸೋತು, ಹನೂರಿಗೆ ಬಸ್ಸು ಹತ್ತಿದೆ. ಏನನ್ನೂ ಹೇಳಬಾರದು, ಕೇಳಿ ಬರಬೇಕು ಎಂದುಕೊಂಡು ಹೋದೆ.

ಅತ್ತೆ ಅಂಗಡಿಯ ಹಿಂದಿನ ಕೋಣೆಯಲ್ಲಿದ್ದಳು. ಅಂಗಡಿ ಈಗ ಮಗನದು.

“ಬಾರವ್ವ. ಸೀರೆ ನೋಡಾಕ್ ಬಂದ್ಯಾ? ಈಗೆಲ್ಲ ನೈಟಿನೇ ಕಣೆ ಓಗಾದು. ನಿಮ್ಮಪ್ಪನ್ಗೆ ಏಳು, ಒಂದು ರೇಷ್ಮೆ ನೈಟಿ ನೇದ್ಕೊಡು ಅಂತ.”

ಮಾತಾಡುತ್ತಲೇ ಅವಳು ಒಂದು ಹಳೆಯ ಸೀರೆಯ ಅಂಚಿನಿಂದ ಸಡಿಲವಾದ ಎಳೆಯನ್ನು ಎಳೆದು ತೆಗೆಯುತ್ತಿದ್ದಳು. ಎಳೆ ಕಡಿಯಲಿಲ್ಲ, ಅಂಚು ಸುಕ್ಕಾಗಲಿಲ್ಲ. ನಾನು ಆ ಬೆರಳುಗಳನ್ನು ನೋಡುತ್ತಾ ಕಮಾನಾಟದ ಮಾತೆತ್ತಿದೆ.

“ಅಯ್ಯೋ, ಅವತ್ತು ನನ್ ಕೈ ನಡುಗ್ಬುಡ್ತು. ಗೂಟ ಅಷ್ಟು ಅತ್ರ ಇತ್ತು. ಇನ್ನೊಂದ್ ಚೂರು ಜೋರಾಗ್ ಒಡ್ದಿದ್ರೆ... ಬುಡು. ಅಷ್ಟೂ ತಿಳೀದಿರೋ ಕೈ ಮಗ್ಗದಲ್ಲಿ ಏನ್ ಮಾಡೀತು?”

“ಎಳೆ ಹಿಡಿದದ್ದು ತಾತ ಅಲ್ವಾ ಅತ್ತೆ?”

“ಅಪ್ಪಯ್ಯನಾ? ಅಪ್ಪಯ್ಯನ್ಗೆ ಅಷ್ಟೊತ್ತಿಗೆ ಅತ್ರದ್ ಏನ್ ಕಾಣ್ತಿತ್ತು? ನಿಮ್ಮಪ್ಪ ಇಡ್ಕಂಡಿದ್ದು.”

ಅವಳೇ ಮುಂದುವರಿಸಿದಳು.

“ಗೂಟದ್ ತಾವ ಕೂತ್ಕಂಡು ಇಡ್ದ. ಮುಟ್ತು ಅಂದ. ನಾನೂ ಬಗ್ಗಿ ನೋಡ್ದೆ, ಮುಟ್ಟಿತ್ತು. ಸುಳ್ಳೇಳ್ನಿಲ್ಲ ಅಣ್ಣ. ನ್ಯಾಯ್ವಾಗೇ ಸೋಲ್ಸ್ದ.” ಆಮೇಲೆ ನನ್ನ ಮುಖ ನೋಡಿ, “ಯಾಕವ್ವ, ಈಗ್ಯಾಕ್ ಅದು?” ಎಂದಳು.

ಬರೆಯೋಕೆ ಎಂದೆ. ಅವಳು ಕಾಫಿಗೆ ಸಕ್ಕರೆ ಹಾಕುವಾಗ ಒಂದಿಷ್ಟು ನೆಲಕ್ಕೆ ಚೆಲ್ಲಿತು. “ನೋಡ್ದ್ಯಾ, ನಂಬೋ ಕೈಯಲ್ಲ” ಎಂದು ನಕ್ಕಳು. ಈ ಸಲ ನನಗೆ ನಗು ಬರಲಿಲ್ಲ. ವಾಪಸು ಬರುವ ಬಸ್ಸಿನುದ್ದಕ್ಕೂ ಒಂದೇ ಯೋಚನೆ. ನಿನ್ನ ಕೈ ತಪ್ಪಿರಲಿಲ್ಲ ಎಂದು ಈ ವಯಸ್ಸಿನಲ್ಲಿ ಅವಳಿಗೆ ಹೇಳುವುದು ಒಳ್ಳೆಯದು ಮಾಡಿದಂತೆಯೋ? ಇಷ್ಟು ವರ್ಷ ಅವಳು ತನ್ನ ಮೇಲೆ ಹೊತ್ತಿದ್ದ ಸೋಲನ್ನು ಇಳಿಸಿದರೆ, ಅದನ್ನು ಅಣ್ಣನ ಮೇಲೆ ಹೊರಿಸಿದಂತೆ ಆಗುವುದಿಲ್ಲವೇ? ಅದೂ ನನ್ನ ನೆನಪಿನ ಆಧಾರದ ಮೇಲಲ್ಲ, ಅವಳದೇ ಮಾತಿನ ಆಧಾರದ ಮೇಲೆ.

ಅಪ್ಪ ಕ್ರಿಕೆಟ್ ನೋಡುತ್ತಿದ್ದ. ಯಾರೋ ರನ್ ಔಟೋ ಅಲ್ಲವೋ ಎಂದು ಬ್ಯಾಟನ್ನೂ ಗೆರೆಯನ್ನೂ ನಿಧಾನವಾಗಿ ಹಿಂದೆ ಮುಂದೆ ಓಡಿಸಿ ತೋರಿಸುತ್ತಿದ್ದರು. ನಾನು ಪಕ್ಕದಲ್ಲಿ ಕುಳಿತೆ.

“ಅಪ್ಪ, ಆ ಯಳಂದೂರಿನ ಅಡುಗೆಯವನು, ಗುಂಡು ದಾಟ್ತೋ ಇಲ್ವೋ ಅಂತ ಹೆಂಗೆ ನೋಡ್ಬೇಕು ಅಂತ ಹೇಳಿಕೊಟ್ಟಿದ್ನಾ?”

“ಊಂ. ಕಡ್ಡಿ ಅಡ್ಡ ಇಟ್ಟು ನೋಡ್ತಿದ್ದ.”

“ಕಮಾನಿನ ಯಾವ ಕಡೆ?”

“ಅದ್ಯಾವ್ ಕಾಲದ್ದವ್ವ. ಯಾವ್ ಕಡೆ ಇಟ್ರೇನು, ಕಡ್ಡಿ ಕಡ್ಡೀಯೇ.”

ನಾನು ಫೋನಿನಲ್ಲಿ ತೀರ್ಪುಗಾರ್ತಿ ಕಾರ್ಡು ಹಿಡಿದ ಚಿತ್ರ ತೋರಿಸಿದೆ. ಅಪ್ಪ ಕನ್ನಡಕ ಹಣೆಗೇರಿಸಿ, ಫೋನನ್ನು ಮೂಗಿನ ಹತ್ತಿರ ತಂದು ನೋಡಿದ. ನಾನಿನ್ನೂ ಏನೂ ವಿವರಿಸಿರಲಿಲ್ಲ.

“ಸರಳಿನ್ ದಪ್ಪ ಅಷ್ಟೇಯ” ಎಂದ.

“ಎಳೆ ಹಿಡಿದದ್ದು ಯಾರು ಅಪ್ಪ?”

“ಅಪ್ಪಯ್ಯ.”

“ಅತ್ತೆ ನೀನು ಅಂತಾಳೆ.”

“ಅವ್ಳಿಗೆ ಬೋ ನೆಪ್ಪು.” ಟಿವಿಯ ಮೇಲಿಂದ ಕಣ್ಣು ತೆಗೆಯದೆ ಕೇಳಿದ: “ಅವ್ಳಿಗೆ ಏಳ್ಬುಟ್ಯಾ?”

ಇಲ್ಲ ಎಂದೆ. ಅವನ ಭುಜ ಸ್ವಲ್ಪ ಇಳಿಯಿತು ಎಂದು ನನಗೆ ಅನಿಸಿತು. ಅದು ಸಮಾಧಾನವೋ ಬರೀ ವಯಸ್ಸೋ ನಾನು ಹೇಳಲಾರೆ. ಅವನಿಗೆ ಆಗಲೂ ನಿಯಮ ಗೊತ್ತಿತ್ತು ಎನ್ನಲು ನನ್ನ ಬಳಿ ಏನೂ ಇಲ್ಲ. ಮರೆತು, ತಿಳಿಯದೆ, ಆತುರದಲ್ಲಿ ಮುಂದೆ ಹಿಡಿದಿರಬಹುದು. ಇಡೀ ಬೀದಿ ನೋಡುತ್ತಿತ್ತು, ಯಾರೂ ಹಿಂದುಗಡೆ ಹಿಡಿ ಎನ್ನಲಿಲ್ಲ.

ಗೌರಿ ಹಬ್ಬ ಹತ್ತಿರ ಬಂದಿದೆ. ಪ್ರತಿ ವರ್ಷ ಅಣ್ಣನ ಕೈಯಿಂದ ಬಾಗಿನ ಪಡೆಯಲು ಅತ್ತೆ ಹನೂರಿನಿಂದ ಬರುತ್ತಾಳೆ. ಅಪ್ಪ ಇನ್ನೂ ಅವಳಿಗಾಗಿ ಒಂದು ಸೀರೆ ತೆಗೆದಿಡುತ್ತಾನೆ. ಅವತ್ತು ಟಿವಿಯ ಸದ್ದಿನ ನಡುವೆ ನಾನು ಅವನನ್ನು ಕೊನೆಗೆ ಒಂದು ಮಾತು ಕೇಳಿದೆ. ಕೇಳಿ ವಾರಗಳಾದವು. ಅವನು ಕೇಳಿಸಿಕೊಂಡಿದ್ದಾನೆ, ಅದು ಗೊತ್ತು. ಸದ್ದು ಕಡಿಮೆ ಮಾಡಿದ್ದು ಅವನೇ. ಉತ್ತರ ಮಾತ್ರ ಇನ್ನೂ ಬಂದಿಲ್ಲ.

“ಅಪ್ಪ, ಬಾಗಿನಕ್ಕೆ ಅತ್ತೆ ಬಂದಾಗ ನೀನೇ ಹೇಳ್ತೀಯಾ, ನಾನು ಹೇಳ್ಲಾ?”